ಅಂಕ ಕಡಿಮೆಯೆಂದು ಕರಿಕೋಟಿನ ಆಸೆ ಬಿಡಬೇಕೆ?

ಮದುವೆಗೆ ಮುಂಚೆ ಹೇಗೋ ಮುಗಿಸಿದ ಬಿ.ಎ.ಯ ಮಾರ್ಕ್ಸ್ ಕಾರ್ಡನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ? ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿ ಅದು ತಣ್ಣಗೆ ಮಲಗಿರಬಹುದು. ಮಕ್ಕಳು ದೊಡ್ಡವರಾದರು, ಮನೆಯಲ್ಲಿ ಮಧ್ಯಾಹ್ನ ಬಿಡುವಾಯಿತು. ‘ಲಾ ಓದಿದ್ರೆ ಹೇಗೆ?’ ಎಂಬ ಆಸೆ ಮೆಲ್ಲಗೆ ತಲೆ ಎತ್ತುತ್ತದೆ. ಆದರೆ ಮರುಕ್ಷಣವೇ, ‘ಅಯ್ಯೋ, ಪಾಸ್ ಕ್ಲಾಸಿನವಳಿಗೆ ಯಾರು ಸೀಟು ಕೊಡ್ತಾರೆ?’ ಎಂದು ನೀವೇ ಅದನ್ನು ಅದುಮಿಬಿಡುತ್ತೀರಿ. ಸ್ವಲ್ಪ ತಾಳಿ. ಮೊದಲು ಲೆಕ್ಕ ಹಾಕೋಣ, ನಿರಾಶೆ ಆಮೇಲೆ.

ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಮೂರು ವರ್ಷದ ಎಲ್‌ಎಲ್.ಬಿ.ಗೆ ಡಿಗ್ರಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45, ಹಿಂದುಳಿದ ವರ್ಗದವರಿಗೆ ಶೇ. 42, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40 ಅಂಕ ಇರಬೇಕು. ಫಸ್ಟ್ ಕ್ಲಾಸೂ ಬೇಡ, ಸೆಕೆಂಡ್ ಕ್ಲಾಸೂ ಬೇಡ! ನಿಮ್ಮ ಡಿಗ್ರಿಯ ಒಟ್ಟು ಅಂಕ 2100 ಎಂದಿಟ್ಟುಕೊಳ್ಳಿ. 945 ಬಂದಿದ್ದರೆ ಶೇ. 45, 882ಕ್ಕೆ ಶೇ. 42, 840ಕ್ಕೆ ಶೇ. 40. ‘ಮೂವತ್ತೈದರಲ್ಲಿ ಪಾಸಾದೆ’ ಎಂದು ಕೊರಗುವವರು ಅನೇಕರು ಒಂದು ಕಷ್ಟದ ಪೇಪರನ್ನಷ್ಟೇ ನೆನಪಿಟ್ಟಿರುತ್ತಾರೆ. ಮೂರೂ ವರ್ಷದ್ದನ್ನು ಕೂಡಿದರೆ ಗೆರೆ ದಾಟಿರುತ್ತಾರೆ. ಕೂಡುವಾಗ ಭಾಷಾ ವಿಷಯಗಳ ಅಂಕ ಸೇರುತ್ತದೆಯೇ ಎಂಬುದನ್ನು ಮಾತ್ರ ಕಾಲೇಜಿನ ಆಫೀಸಿನಲ್ಲೇ ಕೇಳಿ ತಿಳಿಯಿರಿ. ಮಗಳ ಕಾರ್ಡಿನಲ್ಲಿ ಅಂಕದ ಬದಲು ಸಿ.ಜಿ.ಪಿ.ಎ. ಇದ್ದರೆ, ಅದನ್ನು ಶೇಕಡಾವಾರಿಗೆ ತಿರುಗಿಸುವ ವಿಧಾನವನ್ನು ಅವಳ ವಿಶ್ವವಿದ್ಯಾಲಯದಿಂದಲೇ ಬರೆಸಿಕೊಳ್ಳಿ. ‘ನಲವತ್ನಾಲ್ಕೂವರೆ ಇದೆ, ನಲವತ್ತೈದು ಮಾಡಿಸ್ಕೊಡ್ತೀವಿ’ ಎನ್ನುವ ಮಧ್ಯವರ್ತಿಗಳ ಕೈಗೆ ದುಡ್ಡು ಕೊಡಬೇಡಿ.

ಡಿಗ್ರಿ ಅಂಕ ಗೆರೆ ಮುಟ್ಟಲೇ ಇಲ್ಲವೇ? ಹಾಗಾದರೆ ಪಿ.ಯು.ಸಿ. ಕಾರ್ಡನ್ನೂ ಹೊರಗೆ ತೆಗೆಯಿರಿ. ಐದು ವರ್ಷದ ಕಾನೂನು ಕೋರ್ಸಿಗೆ ಪಿ.ಯು.ಸಿ. ಅಂಕವೇ ಲೆಕ್ಕ; ಶೇಕಡಾವಾರು ಮಿತಿ ಮೇಲೆ ಹೇಳಿದ್ದೇ. ಎರಡು ವರ್ಷ ಹೆಚ್ಚಾಗುತ್ತದೆ ನಿಜ, ಆದರೆ ಬಾಗಿಲು ತೆರೆದಿರುತ್ತದೆ. ಅಂಚೆ ಮೂಲಕ ಡಿಗ್ರಿ ಮಾಡಿದವರೂ ಅರ್ಜಿ ಹಾಕಬಹುದು, ಆದರೆ ಅದಕ್ಕೆ ಮೊದಲು ಎಸ್ಸೆಸ್ಸೆಲ್ಸಿ, ಪಿ.ಯು.ಸಿ. ಕ್ರಮವಾಗಿ ಆಗಿರಬೇಕು. ಪಿ.ಯು.ಸಿ. ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಡಿಗ್ರಿ ಪಡೆದವರಿಗೆ ಅವಕಾಶವಿಲ್ಲ.

‘ಈ ವಯಸ್ಸಿನಲ್ಲೇ?’ ಎಂದು ಅತ್ತೆಯವರೋ ನಾದಿನಿಯೋ ಕೇಳಿದರೆ ಹೀಗೆ ಹೇಳಿ: ಮೂವತ್ತು ದಾಟಿದವರಿಗೆ ಸೀಟಿಲ್ಲವೆಂಬ ಮಿತಿಯನ್ನು ಪರಿಷತ್ತು 2016ರಲ್ಲಿ ಮತ್ತೆ ತಂದಿತ್ತು, 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು.

ಈಗ ಬೆಂಗಳೂರು ದಕ್ಷಿಣ ಎಂದು ಹೆಸರಾದ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲವಿದೆ: ರಾಮನಗರದಲ್ಲೇ ಸರ್ಕಾರಿ ಕಾನೂನು ಕಾಲೇಜಿದೆ. ಚನ್ನಪಟ್ಟಣದವರಿಗೆ ರೈಲೂ ಉಂಟು, ಬಸ್ಸೂ ಉಂಟು. ಕನಕಪುರ, ಮಾಗಡಿಯವರಿಗೆ ಬಸ್ಸೇ ಗತಿ. ಹೋಗಿ ಬರುವ ದಾರಿಯ ಲೆಕ್ಕ ಮೊದಲೇ ಹಾಕಿ, ಏಕೆಂದರೆ ಎಲ್‌ಎಲ್.ಬಿ.ಯನ್ನು ಮನೆಯಲ್ಲೇ ಕುಳಿತು ಅಂಚೆ ಮೂಲಕ ಓದುವಂತಿಲ್ಲ, ಶೇ. 70 ಹಾಜರಿ ಬೇಕು. ಬೆಳಿಗ್ಗೆಯ ತಿಂಡಿ, ಡಬ್ಬಿಯ ಜವಾಬ್ದಾರಿ ಯಾರದು ಎಂಬುದನ್ನು ಫೀಸು ಕಟ್ಟುವ ಮೊದಲೇ ಯಜಮಾನರೊಡನೆ ಕುಳಿತು ಮಾತಾಡಿಕೊಳ್ಳಿ. ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಅಂಕದಿಂದಲ್ಲ, ಅಡುಗೆಮನೆಯಿಂದ.

ಇಂಗ್ಲಿಷಿನ ಭಯವೇ? ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ಉತ್ತರವನ್ನೂ ಕನ್ನಡದಲ್ಲಿ ಬರೆಯಬಹುದು. ಅಂಕ ಗೆರೆಯ ಮೇಲಷ್ಟೇ ಇದ್ದು, ಬುದ್ಧಿ ಚುರುಕಾಗಿರುವ ಹೆಣ್ಣುಮಕ್ಕಳು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನೂ ನೋಡಬಹುದು. 2022ರಿಂದ ಅಲ್ಲಿಯೂ ಮೂರು ವರ್ಷದ ಕೋರ್ಸಿದೆ. ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ, ಕಠಿಣ, ಫೀಸೂ ದುಬಾರಿ. ಆದರೆ ಅಲ್ಲಿ ಸೀಟು ನಿರ್ಧಾರವಾಗುವುದು ಆ ಪರೀಕ್ಷೆಯಿಂದ.

ಕಾಗದಪತ್ರದಲ್ಲಿ ಹೆಂಗಸರಿಗೆ ಬರುವ ತೊಡಕು ಹೆಸರಿನದು. ಮಾರ್ಕ್ಸ್ ಕಾರ್ಡಿನಲ್ಲಿ ತವರಿನ ಇನಿಷಿಯಲ್, ಆಧಾರದಲ್ಲಿ ಗಂಡನ ಹೆಸರು! ಮದುವೆ ನೋಂದಣಿ ಪತ್ರವನ್ನೋ ಅಫಿಡವಿಟ್ಟನ್ನೋ ಮೊದಲೇ ಸಿದ್ಧ ಮಾಡಿಕೊಳ್ಳಿ. ಟಿ.ಸಿ., ಜಾತಿ ಪ್ರಮಾಣಪತ್ರಕ್ಕೂ ಕಡೆಗಳಿಗೆಯವರೆಗೆ ಕಾಯಬೇಡಿ.

ಓದು ಮುಗಿದ ಮೇಲೆ ವಕೀಲರಾಗಿ ನೋಂದಾಯಿಸಲು ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಶುಲ್ಕ ಪಡೆಯಕೂಡದೆಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಹೇಳಿದೆ. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು. ಅಲ್ಲಿ ನಿಮ್ಮ ಹಳೆಯ ಬಿ.ಎ. ಅಂಕವನ್ನು ಯಾರೂ ಕೇಳುವುದಿಲ್ಲ.

ಯಾವ ಲೆಕ್ಕಕ್ಕೂ ಅಂಕ ಸಾಲದಿದ್ದರೆ? ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅರೆಕಾಲಿಕ ಕಾನೂನು ಸ್ವಯಂಸೇವಕಿಯಾಗಲು ವಿಚಾರಿಸಿ. ಅದಕ್ಕೆ ಡಿಗ್ರಿ ಅಂಕದ ಹಂಗಿಲ್ಲ. 1987ರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಆದರೆ ಅದು ಗೊತ್ತಿರುವವರೆಷ್ಟು ಮಂದಿ? 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ಓದದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರಿಗೆ ಇಷ್ಟು ತಿಳಿಸಿದರೂ ದೊಡ್ಡ ಉಪಕಾರ.

1923ರವರೆಗೆ ಈ ದೇಶದಲ್ಲಿ ಹೆಂಗಸರು ವಕೀಲಿ ಮಾಡಲು ಕಾನೂನಿನ ಒಪ್ಪಿಗೆಯೇ ಇರಲಿಲ್ಲ. ಬಳ್ಳಾರಿಯ ಮೊದಲ ಮಹಿಳಾ ವಕೀಲರಾದ ಮಂಜುಳಾ ಚೆಲ್ಲೂರ್ 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಮುಂದೆ ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯ ಪೀಠದಲ್ಲಿ ಕುಳಿತರು. ಎಲ್ಲರೂ ಅಷ್ಟೆತ್ತರಕ್ಕೆ ಏರಬೇಕಿಲ್ಲ. ನಮ್ಮೂರ ಕೋರ್ಟಿನ ಜಗಲಿಯಲ್ಲಿ ಅಳುತ್ತಾ ನಿಂತ ಹೆಣ್ಣಿಗೆ, ‘ಬಾರಮ್ಮ, ಕೂತ್ಕೋ, ಏನಾಯ್ತು ಹೇಳು’ ಎನ್ನುವ ಒಬ್ಬ ವಕೀಲೆ ಸಿಕ್ಕರೂ ಸಾಕು. ಆಕೆ ನೀವೇ ಏಕಾಗಬಾರದು?