ಬಿಸಿಲಿದೆ, ಪ್ಯಾನೆಲ್ ಇದೆ, ಫ್ಯಾನ್ ಯಾಕೆ ತಿರುಗ್ತಿಲ್ಲ?

ಸೂರತ್‌ನ ಕತಾರ್‌ಗಾಮ್‌ನಿಂದ ಮಾತಾಡ್ತಿದ್ದೀನಿ. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಯ್ತು. ಪಾವಗಡದಿಂದ ಬಂದಿದ್ದ ಅಮ್ಮ ಸೆರಗಲ್ಲೇ ಗಾಳಿ ಹಾಕ್ಕೊಳ್ತಾ ಕೇಳಿದ್ರು: "ಅಷ್ಟು ದುಡ್ಡು ಸುರಿದು ಸೋಲಾರ್ ಹಾಕ್ಸಿದ್ದೀಯ, ಬಿಸಿಲು ನೆತ್ತಿ ಸುಡ್ತಿದೆ, ಫ್ಯಾನ್ ಯಾಕೋ ನಿಂತಿದೆ?" 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರೋ ತಾಲ್ಲೂಕಿನವರು, ಸುಮ್ಮನೆ ಬಿಡೋರಲ್ಲ.

ಉತ್ತರ ನಮ್ಮ ಗಲ್ಲಿಯಿಂದಲೇ ಶುರು ಮಾಡೋಣ. ಕತಾರ್‌ಗಾಮ್ ಅಂದ್ರೆ ವಜ್ರ ಉಜ್ಜುವ ಕಾರ್ಖಾನೆಗಳು. ವಜ್ರದಲ್ಲಿ ಇಂಗಾಲದ ಪರಮಾಣುಗಳು ಹೇಗೆ ಜೋಡಣೆಯಾಗಿವೆಯೋ, ಪ್ಯಾನೆಲ್‌ನ ಸಿಲಿಕಾನ್‌ನಲ್ಲೂ ಹಾಗೇ: ಒಂದೊಂದು ಪರಮಾಣುವೂ ಅಕ್ಕಪಕ್ಕದ ನಾಲ್ಕನ್ನು ಹಿಡಿದುಕೊಂಡಿರುತ್ತೆ. ವ್ಯತ್ಯಾಸ ಇರೋದು ಹಿಡಿತದಲ್ಲಿ. ವಜ್ರದಲ್ಲಿ ಒಂದು ಎಲೆಕ್ಟ್ರಾನ್ ಬಿಡಿಸೋಕೆ ಸುಮಾರು 5.5 ಎಲೆಕ್ಟ್ರಾನ್‌ವೋಲ್ಟ್ ಬೇಕು. ಕಣ್ಣಿಗೆ ಕಾಣುವ ಬೆಳಕಿಗೆ ಅಷ್ಟು ಶಕ್ತಿ ಇಲ್ಲ, ಅದಕ್ಕೇ ಹಾಯ್ದು ಹೋಗಿಬಿಡುತ್ತೆ. ಸಿಲಿಕಾನ್‌ಗೆ 1.1 ಸಾಕು.

ಬಿಡಿಸಿದ್ರಷ್ಟೇ ಆಗಲ್ಲ, ಎಲೆಕ್ಟ್ರಾನ್ ಮತ್ತೆ ತನ್ನ ಜಾಗಕ್ಕೇ ಹೋಗಿ ಕೂರುತ್ತೆ. ಹಾಗಾಗಿ ಸಿಲಿಕಾನ್‌ನ ಒಂದು ಪದರಕ್ಕೆ ಚೂರು ರಂಜಕ, ಇನ್ನೊಂದಕ್ಕೆ ಬೋರಾನ್ ಬೆರೆಸ್ತಾರೆ. ಎರಡೂ ಸೇರುವ ಗಡಿಯಲ್ಲಿ ವಿದ್ಯುತ್ ಕ್ಷೇತ್ರ ಹುಟ್ಟುತ್ತೆ. ಒನ್‌ವೇ ರಸ್ತೆ ಅಂದ್ಕೊಳ್ಳಿ. ಬೆಳಕು ಬಿಡಿಸಿದ ಎಲೆಕ್ಟ್ರಾನನ್ನು ಅದು ಒಂದೇ ದಿಕ್ಕಿಗೆ ತಳ್ಳುತ್ತೆ, ಮೇಲಿನ ಸಣ್ಣ ಲೋಹದ ಗೆರೆಗಳು ಅದನ್ನು ಸೇರಿಸ್ಕೊಳ್ತವೆ. ಒಂದು ಸೆಲ್‌ಗೆ ಅರ್ಧ ವೋಲ್ಟ್ ಚಿಲ್ಲರೆ. ಹತ್ತಾರು ಸೆಲ್ ಸಾಲಾಗಿ ಜೋಡಿಸಿದರೆ ಪ್ಯಾನೆಲ್. ಅಂದಹಾಗೆ ಇದಕ್ಕೆ ಬೇಕಾದ್ದು ಬೆಳಕು, ಬಿಸಿ ಅಲ್ಲ. ಸೆಲ್ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತೆ. ಸೂರತ್‌ನ ಮೇ ತಿಂಗಳಿಗೆ ಅದೂ ಒಂದು ಪೆಟ್ಟು.

ಇನ್ನು ಫ್ಯಾನ್ ವಿಷಯ. ಪ್ಯಾನೆಲ್ ಕೊಡೋದು ಡಿಸಿ. ಇನ್ವರ್ಟರ್ ಅದನ್ನು ಎಸಿ ಮಾಡಿ, ಗ್ರಿಡ್‌ನ 50 ಹರ್ಟ್ಸ್ ತಾಳಕ್ಕೆ ಹೊಂದಿಸುತ್ತೆ. ನಮ್ಮದು ಬ್ಯಾಟರಿ ಇಲ್ಲದ ವ್ಯವಸ್ಥೆ. ಗ್ರಿಡ್ ಹೋದ ತಕ್ಷಣ ಇನ್ವರ್ಟರ್ ಬೇಕಂತಲೇ ನಿಂತುಬಿಡುತ್ತೆ. ನಿಲ್ಲದಿದ್ರೆ ನಮ್ಮ ಕರೆಂಟ್ ವಾಪಸ್ ಬೀದಿ ತಂತಿಗೆ ಹರಿಯಬಹುದು. ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದವನ ಗತಿ?

ಅಮ್ಮ ಬೀಸೋದು ನಿಲ್ಲಿಸಿದ್ರು. ನಮ್ಮ ಸೋದರಮಾವ ಇಪ್ಪತ್ತು ವರ್ಷ ಲೈನ್‌ಮ್ಯಾನ್ ಆಗಿದ್ದವರು. "ಹಂಗಾದ್ರೆ ನಿಂತೇ ಇರ್ಲಿ ಬಿಡಪ್ಪ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಬ್ಯಾಟರಿಗೆ ಎಷ್ಟಾಗುತ್ತೆ?"