ಆರೋಗ್ಯ: ಉಣ್ಣುವವರ ಹೊಣೆಯೋ, ಬಡಿಸುವವರ ಹೊಣೆಯೋ?

ಶರಣರು ಕಾಯವನ್ನು ತುಚ್ಛವೆಂದು ಬಗೆದವರಲ್ಲ. ಇಷ್ಟಲಿಂಗ ಪೂಜೆಗೂ ಕಾಯಕಕ್ಕೂ ದಾಸೋಹಕ್ಕೂ ಈ ದೇಹವೇ ಆಧಾರ. ಆದುದರಿಂದ ಆರೋಗ್ಯವೆಂದರೇನು, ಅದನ್ನು ಕಾಪಾಡುವ ಬಗೆ ಯಾವುದು ಎಂಬುದು ಸದ್ಭಕ್ತರೆಲ್ಲರೂ ಅರಿಯಬೇಕಾದ ವಿಚಾರ. ಈ ಕುರಿತು ಮುಖ್ಯವಾಗಿ ಮೂರು ದೃಷ್ಟಿಗಳಿವೆ.

ಮೊದಲನೆಯದು ವೈದ್ಯಕೀಯ ದೃಷ್ಟಿ. ರೋಗವಿಲ್ಲದಿರುವುದೇ ಆರೋಗ್ಯ, ರೋಗದ ಕಾರಣವನ್ನು ಪತ್ತೆಹಚ್ಚಿ ಔಷಧ, ಶಸ್ತ್ರಚಿಕಿತ್ಸೆಗಳಿಂದ ಗುಣಪಡಿಸುವುದು ಇದರ ಕ್ರಮ. ಒಂದು ಕಾಲದಲ್ಲಿ ಜನ ಅಂಜುತ್ತಿದ್ದ ಕ್ಷಯ, ಕುಷ್ಠಗಳು ಇಂದು ವಾಸಿಯಾಗುತ್ತಿರುವುದು ಇದರಿಂದಲೇ.

ಎರಡನೆಯದು ನಡವಳಿಕೆಯ ದೃಷ್ಟಿ. ಮಿತಾಹಾರ, ವ್ಯಾಯಾಮ, ತಂಬಾಕು-ಮದ್ಯಗಳ ತ್ಯಾಗ ಇದರ ಬೋಧೆ. ರೋಗ ಬರುವ ಮೊದಲೇ ಎಚ್ಚರಿಸುವುದು ಇದರ ಹಿರಿಮೆ. ರೋಗಿಯನ್ನೇ ತಪ್ಪಿತಸ್ಥನೆಂದು ಕಾಣುವುದು ಇದರ ಮಿತಿ.

ಮೂರನೆಯದು ಸಾಮಾಜಿಕ ದೃಷ್ಟಿ. ನೀರು, ಆಹಾರ, ವಸತಿ, ವಿದ್ಯೆ, ದುಡಿಮೆಗಳಲ್ಲಿ ಇದು ಆರೋಗ್ಯದ ಬೇರನ್ನು ಕಾಣುತ್ತದೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ದೇಹ, ಮನಸ್ಸು, ಸಮಾಜ ಮೂರರ ಕ್ಷೇಮವನ್ನೂ ಆರೋಗ್ಯದಲ್ಲಿ ಸೇರಿಸಿತು. 1986ರ ಒಟ್ಟಾವಾ ಸನ್ನದು, ಆರೋಗ್ಯಕ್ಕೆ ಪೂರಕವಾದ ಪರಿಸರವನ್ನು ನಿರ್ಮಿಸುವುದು ಎಲ್ಲರ ಹೊಣೆಯೆಂದು ಸಾರಿತು.

ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು ಸೋಲಿಗರಿಗೆ ಚಿಕಿತ್ಸೆ ನೀಡಲಾರಂಭಿಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಆ ಕೇಂದ್ರದ ಕಾರ್ಯವು ಆಸ್ಪತ್ರೆಗಷ್ಟೇ ನಿಲ್ಲದೆ ಶಾಲೆ, ವೃತ್ತಿ ತರಬೇತಿ, ಜೀವನೋಪಾಯಗಳಿಗೂ ಹಬ್ಬಿತು.

ಮಠಗಳು ನಡೆಸಿಕೊಂಡು ಬಂದಿರುವ ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವೂ ಇದೇ ಬಗೆಯದು. ಆದರೆ ದಾಸೋಹದ ಪಂಕ್ತಿಯಲ್ಲಿಯೇ ನಾವು ಒಂದು ಸಂಗತಿಯನ್ನು ಮರೆಯುತ್ತಿದ್ದೇವೆ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬುದು ನಮ್ಮ ನಿಷ್ಠೆ. ಸಕ್ಕರೆ ಕಾಯಿಲೆಯುಳ್ಳ ಹಿರಿಯರೊಬ್ಬರಿಗೆ ಒತ್ತಾಯದಿಂದ ಸಿಹಿ ಬಡಿಸಿದರೆ, ಅವರು ನಿಷ್ಠೆಗಾಗಿ ಅದನ್ನು ಉಂಡು ಕಾಯವನ್ನು ನೋಯಿಸಿಕೊಳ್ಳುತ್ತಾರೆ. ಅಲ್ಲಿ ಉಂಡವರಿಗಿಂತ ಬಡಿಸಿದವರ ಹೊಣೆ ಹೆಚ್ಚು. ಕೇಳಿ ಬಡಿಸುವುದು, ಸಿಹಿ ಮತ್ತು ಉಪ್ಪನ್ನು ಮಿತಗೊಳಿಸುವುದು, ರಾಗಿ-ಜೋಳಗಳಿಗೆ ಪಂಕ್ತಿಯಲ್ಲಿ ಸ್ಥಾನ ಕೊಡುವುದು ಇವೂ ದಾಸೋಹವೇ.

ಹಾಗೆಂದು ಮೊದಲೆರಡು ದೃಷ್ಟಿಗಳನ್ನು ಕೈಬಿಡುವಂತಿಲ್ಲ. ವ್ರತ, ಉಪವಾಸಗಳ ನೆಪದಲ್ಲಿ ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ವೈದ್ಯರ ಔಷಧ, ಭಕ್ತರ ಸಂಯಮ, ಸಮಾಜದ ಆಸರೆ ಈ ಮೂರೂ ಕೂಡಿದಲ್ಲಿ ಕಾಯವು ಕಾಯಕಕ್ಕೆ ಸಲ್ಲುತ್ತದೆ.