ಯಾವ ಆಸ್ಪತ್ರೆಯಲ್ಲಿ ಕಲಿಯಬೇಕು?

ಗರಳವನ್ನು ಕಂಠದಲ್ಲಿ ಧರಿಸಿ ಲೋಕವನ್ನು ಕಾಪಾಡಿದ ದೇವನ ಹೆಸರನ್ನೇ ಹೊತ್ತಿರುವ ನಂಜನಗೂಡಿಗೂ ವೈದ್ಯಕ್ಕೂ ಇರುವ ನಂಟು ಇಂದಿನದಲ್ಲ. ತನ್ನ ಪಟ್ಟದಾನೆಯ ಕಣ್ಣುಬೇನೆ ಶ್ರೀಕಂಠೇಶ್ವರನ ಅನುಗ್ರಹದಿಂದ ವಾಸಿಯಾಯಿತೆಂದು ಟೀಪೂ ಸುಲ್ತಾನನು ಸ್ವಾಮಿಯನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಪ್ರತೀತಿಯುಂಟು, 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನಂತೂ ಕನ್ನಡನಾಡಿನಲ್ಲಿ ಅರಿಯದವರು ವಿರಳ. ಆದಕಾರಣ ಈ ಊರಿನಲ್ಲಾಗಲಿ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಾಗಲಿ, ಪಿಯುಸಿ ಓದುವ ಮಗಳು ‘ನಾನು ಡಾಕ್ಟರಾಗುತ್ತೇನೆ’ ಎಂದರೆ ಮನೆಯವರಿಗೆ ಸಂತೋಷವೇ ಹೊರತು ಆಶ್ಚರ್ಯವಿಲ್ಲ. ಕಳವಳವು ಆರಂಭವಾಗುವುದು ನೀಟ್ ಫಲಿತಾಂಶ ಬಂದ ತರುವಾಯ, ಕಾಲೇಜುಗಳ ಹೆಸರನ್ನು ಒಂದರ ಕೆಳಗೊಂದರಂತೆ ನಮೂದಿಸಬೇಕಾದ ದಿನ.

ಯಾವ ವಿಶ್ವವಿದ್ಯಾನಿಲಯ ದೊಡ್ಡದೆಂದು ಆಗ ಎಲ್ಲರೂ ಕೇಳುವರು. ನಮ್ಮ ಸೀಮೆಯ ಮಟ್ಟಿಗೆ ಈ ಪ್ರಶ್ನೆಯಲ್ಲಿ ಹೆಚ್ಚಿನ ಸತ್ತ್ವವಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದು ನೆಲೆಸಿದ ಮೈಸೂರು ವೈದ್ಯಕೀಯ ಕಾಲೇಜು, 2006ರಲ್ಲಿ ತೆರೆದ ಮಂಡ್ಯದ ಸಂಸ್ಥೆ, 2016ರಲ್ಲಿ ತೆರೆದ ಚಾಮರಾಜನಗರದ ಸಂಸ್ಥೆ, ಈ ಮೂರು ಸರ್ಕಾರಿ ಕಾಲೇಜುಗಳೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಪಾಠಕ್ರಮವೂ ಒಂದೇ, ಪದವಿಯೂ ಒಂದೇ. 1984ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಮಾತು ಬೇರೆ. ಅದರ ಮೂಲವು ನಂಜನಗೂಡು ತಾಲ್ಲೂಕಿನ ಸುತ್ತೂರು ಮಠವೇ ಆಗಿದ್ದರೂ, ಅದೀಗ ಡೀಮ್ಡ್ ವಿಶ್ವವಿದ್ಯಾಲಯದ ಅಂಗವಾದುದರಿಂದ ಅದರ ಸೀಟುಗಳು ಹಂಚಿಕೆಯಾಗುವುದು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ (ಎಂಸಿಸಿ) ಮೂಲಕ. ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ (ಕೆಇಎ) ಮಾತ್ರ ಅರ್ಜಿ ಹಾಕಿ ಕುಳಿತವನಿಗೆ ಸುತ್ತೂರಿನವನೆಂಬ ಕಾರಣದಿಂದ ಅಲ್ಲಿ ಸೀಟು ದೊರೆಯದು; ಅಲ್ಲಿಯ ಶುಲ್ಕವೂ ಸರ್ಕಾರಿ ಕಾಲೇಜಿನ ಶುಲ್ಕದ ಅನೇಕ ಪಟ್ಟು.

ಹಾಗಾದರೆ ನೋಡತಕ್ಕದ್ದು ಯಾವುದನ್ನು? ಆಸ್ಪತ್ರೆಯನ್ನು. ನಾಲ್ಕೂವರೆ ವರ್ಷದ ವ್ಯಾಸಂಗ, ಮೇಲೊಂದು ವರ್ಷದ ಇಂಟರ್ನ್‌ಶಿಪ್. ಈ ಕಾಲದಲ್ಲಿ ಗ್ರಂಥದಿಂದ ಕಲಿಯುವುದನ್ನು ಎಲ್ಲಿ ಕುಳಿತಾದರೂ ಕಲಿಯಬಹುದು, ಆದರೆ ಹೊಟ್ಟೆಯ ಮೇಲೆ ಕೈಯಿಟ್ಟು ಗಡ್ಡೆಯನ್ನು ಗುರುತಿಸುವ, ಎದೆಗೆ ಕೊಳವೆಯಿಟ್ಟು ಕವಾಟದ ಸದ್ದಿನ ವ್ಯತ್ಯಾಸವನ್ನು ತಿಳಿಯುವ, ಹೆರಿಗೆಯ ನಡುರಾತ್ರಿಯಲ್ಲಿ ಧೃತಿಗೆಡದೆ ನಿಲ್ಲುವ ವಿದ್ಯೆಯು ರೋಗಿಗಳು ತುಂಬಿದ ವಾರ್ಡಿನಲ್ಲಲ್ಲದೆ ಅನ್ಯತ್ರ ಲಭಿಸದು. ಮೈಸೂರಿನ ಕೆ.ಆರ್. ಆಸ್ಪತ್ರೆಗೂ ಚೆಲುವಾಂಬ ಆಸ್ಪತ್ರೆಗೂ ಹುಲ್ಲಹಳ್ಳಿ, ತಲಕಾಡು, ಸೋಸಲೆಗಳಿಂದ ಬಂದ ಬಡವರು ತಮ್ಮ ಬೇನೆಯನ್ನು ಹೇಳಿಕೊಳ್ಳುವುದು ತಮ್ಮ ನುಡಿಯಲ್ಲಿ. ‘ಸಂಕಟ ಆಯ್ತದೆ’, ‘ಎದೆ ಹಿಡ್ಕಂಡದೆ’ ಎಂಬ ಮಾತುಗಳ ಒಳಗಿನ ರೋಗಲಕ್ಷಣವನ್ನು ಹೊರಗಿನಿಂದ ಬಂದ ವಿದ್ಯಾರ್ಥಿಯು ತಿಂಗಳುಗಟ್ಟಲೆ ಕಲಿಯಬೇಕಾದರೆ, ನಮ್ಮ ಮಕ್ಕಳು ಅದನ್ನು ಅಜ್ಜಿಯ ಬಾಯಿಂದಲೇ ಕಲಿತಿರುತ್ತಾರೆ. ಇದು ಅಲ್ಪ ಸಂಪತ್ತಲ್ಲ.

ಆದುದರಿಂದ ರ್ಯಾಂಕ್ ಒದಗಿಬಂದರೆ ಮೈಸೂರನ್ನೇ ಮೊದಲು ಬರೆಯುವುದು ಯುಕ್ತವೆಂಬುದು ನನ್ನ ಅಭಿಪ್ರಾಯ. ಒದಗದಿದ್ದಲ್ಲಿ, ನಂಜನಗೂಡಿನವರಿಗೆ ರೈಲುಮಾರ್ಗದಲ್ಲೇ ಇರುವ ಚಾಮರಾಜನಗರವೂ, ಬನ್ನೂರಿನ ಕಡೆಯವರಿಗೆ ಮಂಡ್ಯವೂ, ದೂರದ ದುಬಾರಿ ಖಾಸಗಿ ಕಾಲೇಜಿಗಿಂತ ಮೇಲು. ಹೊಸ ಕಾಲೇಜೆಂದು ಹಿಂಜರಿಯುವ ತಂದೆತಾಯಂದಿರು ಜಮೀನನ್ನು ಅಡವಿಡುವ ಮುನ್ನ ಇದನ್ನು ಮತ್ತೊಮ್ಮೆ ಯೋಚಿಸಬೇಕು.

ಭಯದಿಂದ ಆಗುವ ಪ್ರಮಾದವೊಂದುಂಟು. ‘ಮೈಸೂರು ಸಿಕ್ಕಲಾರದು, ಅದನ್ನು ಮೊದಲು ಬರೆದರೆ ಇದ್ದುದೂ ಹೋದೀತು’ ಎಂದು ಬಯಸಿದ ಕಾಲೇಜನ್ನು ಕೆಳಕ್ಕೆ ತಳ್ಳುವವರಿದ್ದಾರೆ. ಹಂಚಿಕೆಯು ರ್ಯಾಂಕಿನ ಕ್ರಮದಲ್ಲಿ ಪ್ರತಿಯೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬರುವುದು. ಮೊದಲನೆಯದು ದೊರೆಯದಿದ್ದರೆ ಎರಡನೆಯದಕ್ಕೆ ಇಳಿಯುವುದೇ ಹೊರತು, ಮೇಲಿನದನ್ನು ಬಯಸಿದ್ದಕ್ಕಾಗಿ ಕೆಳಗಿನದು ತಪ್ಪುವುದಿಲ್ಲ. ಅಂತೆಯೇ, ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15ರ ಗ್ರಾಮೀಣ ಮೀಸಲಾತಿಯೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರ ಮೀಸಲಾತಿಯೂ ಉಂಟು; ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜುವಿರುವ ಪ್ರಮಾಣಪತ್ರವನ್ನು ಫಲಿತಾಂಶಕ್ಕೆ ಮೊದಲೇ ಪಡೆದಿಟ್ಟುಕೊಳ್ಳಬೇಕು. ಹಳ್ಳಿಯ ಶಾಲೆಯಲ್ಲಿ ಓದಿದ್ದು ಇಲ್ಲಿ ಕೊರತೆಯಲ್ಲ, ಹಕ್ಕು.

ಪಟ್ಟಿಯನ್ನು ಸಲ್ಲಿಸುವ ಮುನ್ನ ತಂದೆತಾಯಂದಿರಲ್ಲಿ ಒಂದು ಬಿನ್ನಹ. ಮೈಸೂರು ನಂಜನಗೂಡಿಗೆ ಸುಮಾರು 25 ಕಿಲೋಮೀಟರು, ನರಸೀಪುರಕ್ಕೆ ಸುಮಾರು 30. ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಮಗುವನ್ನು ಕರೆದುಕೊಂಡು ಹೋಗಿ, ಕೆ.ಆರ್. ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲನ್ನು ಒಂದು ಗಂಟೆಯ ಕಾಲ ಅದಕ್ಕೆ ತೋರಿಸಿಕೊಂಡು ಬನ್ನಿ.